ಹಳೆ ಬೀಟಲ್ ಒಳಗೆ ಬೆಚ್ಚಗಾಗಲು ಏನು ಮಾಡಬಹುದು?

ಪ್ರಶ್ನೆ: ಗೆಳೆಯರೇ, ನನ್ನ ಹತ್ತಿರ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. ಎಂಜಿನ್ ಚೆನ್ನಾಗಿದೆ. ಆದರೆ ಚಳಿಗಾಲದಲ್ಲಿ ಒಳಗೆ ಬೆಚ್ಚಗಾಗುವುದೇ ಇಲ್ಲ, ಮುಂದಿನ ಗಾಜಿನ ಮಂಜೂ ಬಿಡುವುದಿಲ್ಲ. ಬೇರೆ ಹೀಟರ್ ಹಾಕಿಸಿದವರು ದಯವಿಟ್ಟು ಅನುಭವ ಹೇಳಿ.

— ಸರ್, ಹೊಸದನ್ನು ಕೊಳ್ಳುವ ಮೊದಲು ಗಾಡಿಯ ಹೀಟರನ್ನೇ ನೋಡಿ. ಈ ಎಂಜಿನ್‌ಗೆ ನೀರಿಲ್ಲ, ರೇಡಿಯೇಟರ್ ಇಲ್ಲ. ಎಂಜಿನನ್ನು ತಣಿಸುವ ಫ್ಯಾನಿನ ಗಾಳಿ ಎಕ್ಸಾಸ್ಟ್ ಪೈಪಿನ ಸುತ್ತಲಿನ ಹೀಟರ್ ಬಾಕ್ಸ್‌ನಲ್ಲಿ ಕಾದು, ಬಾಗಿಲ ಕೆಳಗಿನ ಚಾನೆಲ್‌ಗಳಲ್ಲಿ ಮುಂದೆ ಬರಬೇಕು. ಚಾನೆಲ್ ತುಕ್ಕು ಹಿಡಿದು ತೂತಾಗಿದ್ದರೆ ಬಿಸಿಯೆಲ್ಲ ರಸ್ತೆ ಪಾಲು. ನನ್ನ ಗಾಡಿಯಲ್ಲಿ ಎಂಜಿನ್ ಪಕ್ಕದ ಗಾಳಿ ಹೋಸ್ ಹರಿದಿತ್ತು. ಬಾಕ್ಸ್‌ನ ಫ್ಲಾಪ್ (ಬಿಸಿಗಾಳಿ ಬಿಡುವ ಮುಚ್ಚಳ) ಅರ್ಧಕ್ಕೇ ನಿಂತಿತ್ತು. ಕೇಬಲ್ ತೆಗೆದು ಲಿವರನ್ನು ಕೈಯಲ್ಲಿ ತಳ್ಳಿದಾಗ ಕಟಕ್ ಅಂತ ಪೂರ್ತಿ ತೆರೆಯಿತು. ಹೊಸ ಕೇಬಲ್, ಹೊಸ ಹೋಸ್ ಹಾಕಿದ ಮೇಲೆ ಕಾಲಿಗೆ ಸುಡುವಷ್ಟು ಬಿಸಿ ಬರುತ್ತದೆ!

ಒಂದು ಮಾತ್ರ ಮರೆಯಬೇಡಿ. ಬಾಕ್ಸ್ ಒಳಗಿನ ಎಕ್ಸಾಸ್ಟ್ ಪೈಪ್ ತೂತಾಗಿದ್ದರೆ ಹೊಗೆ ನೇರ ಒಳಗೇ ಬರುತ್ತದೆ. ಅದರಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಯಾವ ಹೀಟರ್ ಇದ್ದರೂ ಒಳಗೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ.

— ಲೈಟರ್ ಸಾಕೆಟ್‌ಗೆ ಚುಚ್ಚುವ 12 ವೋಲ್ಟ್ ಹೀಟರ್ ಸುಮ್ನೆ ದುಡ್ಡು ದಂಡ. 150 ವಾಟ್ ಅಂದರೆ 12 ಆಂಪ್‌ಗಿಂತ ಜಾಸ್ತಿ ಎಳೆಯುತ್ತದೆ, ಕೊಡುವ ಬಿಸಿ ಒಂದು ಹೇರ್ ಡ್ರೈಯರ್‌ನಷ್ಟೂ ಇಲ್ಲ. ಹಳೆ ಡೈನಮೋ ಕೊಡುವುದೇ ಸುಮಾರು 30 ಆಂಪ್, ಐಡ್ಲಿಂಗ್‌ನಲ್ಲಿ ಅದೂ ಇಲ್ಲ. ಹೆಡ್‌ಲೈಟ್, ವೈಪರ್ ಬೇರೆ ಓಡಬೇಕಲ್ವಾ? ಬದಲಿಗೆ ಸೀಟ್ ಹೀಟಿಂಗ್ ಪ್ಯಾಡ್ ಹಾಕಿ. 50 ವಾಟ್ ಆಸುಪಾಸಿನಲ್ಲಿ ಬೆನ್ನಿಗೆ ನೇರ ಬಿಸಿ ಸಿಗುತ್ತದೆ. ಫ್ಯೂಸ್, ರಿಲೇ ಹಾಕಿಯೇ ವೈರಿಂಗ್ ಮಾಡಿಸಿ.

— ಎಂಜಿನ್ ಬಿಸಿಯಾಗುವವರೆಗೆ ಕಾಯಲು ಆಗದವರಿಗೆ ಇಂಧನ ಸುಡುವ ಹೀಟರೇ ಸರಿ. ಆ ಕಾಲದಲ್ಲೇ ಬೀಟಲ್‌ಗೆ ಎಬರ್‌ಸ್ಪೆಷರ್ ಕಂಪನಿಯ ಪೆಟ್ರೋಲ್ ಹೀಟರ್ ಬರುತ್ತಿತ್ತು. ನಾನು ಹಾಕಿಸಿರುವುದು 2 ಕಿಲೋವಾಟ್ ಡೀಸೆಲ್ ಹೀಟರ್, ಅದಕ್ಕೆ ಬೇರೆ ಚಿಕ್ಕ ಟ್ಯಾಂಕ್. ಇಷ್ಟು ಚಿಕ್ಕ ಕ್ಯಾಬಿನ್‌ಗೆ ಧಾರಾಳ ಸಾಕು. ಒಂದು ಬಿಸಿಗಾಳಿ ಪೈಪನ್ನು ಗಾಜಿನ ಕಡೆ ತಿರುಗಿಸಿ. ಅದರ ಎಕ್ಸಾಸ್ಟ್, ಉರಿಯಲು ಬೇಕಾದ ಗಾಳಿಯ ಪೈಪ್ ಎರಡೂ ಗಾಡಿಯ ಹೊರಗೇ ಇರಬೇಕು. ಆಫ್ ಮಾಡಿದ ಕೂಡಲೇ ಬ್ಯಾಟರಿ ಕಟ್ ಮಾಡಬೇಡಿ, ತಣ್ಣಗಾಗುವವರೆಗೆ ಫ್ಯಾನ್ ಓಡಲಿ.

— ಬಿಸಿ ಎಂಜಿನ್ ಆಯಿಲನ್ನು ಹೋಸ್‌ನಲ್ಲಿ ಒಳಗೆ ತಂದು, ಅದರ ಬಿಸಿ ಊದಲು ಫ್ಯಾನ್ ಇಡುವವರೂ ಇದ್ದಾರೆ. ನಾನಂತೂ ಬೇಡ ಅನ್ನುತ್ತೇನೆ. ಆಯಿಲ್ ಕಾಯುವುದೇ ನಿಧಾನ. ಹೋಸ್ ಒಡೆದರೆ ಸುಡುವ ಆಯಿಲ್ ಮೈಮೇಲೆ, ಎಂಜಿನ್‌ಗೂ ಆಯಿಲ್ ಇಲ್ಲ. ಟೆಂಟಿನ ಗ್ಯಾಸ್ ಹೀಟರ್ ಕೂಡ ಒಳಗೆ ಹಚ್ಚಬೇಡಿ. ಒಳಗಿನ ಆಕ್ಸಿಜನ್ ತಿನ್ನುತ್ತದೆ, ನೀರಾವಿ ಬಿಟ್ಟು ಗಾಜಿನ ಮಂಜನ್ನೂ ಜಾಸ್ತಿ ಮಾಡುತ್ತದೆ.