ಸಾಲ ಬೇಡ, ಇರುವ ದುಡ್ಡಲ್ಲೇ ಹಳೇ ಕಾರು: ಮೂರರಲ್ಲಿ ಯಾವುದು?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಬೇಕು. ಸಾಲ ಮಾಡುವುದಿಲ್ಲ, ಕೂಡಿಟ್ಟ ದುಡ್ಡು ಎಷ್ಟಿದೆಯೋ ಅಷ್ಟರಲ್ಲೇ ಮುಗಿಯಬೇಕು. ದಿನಾ ಆಫೀಸಿಗೆ ಹೋಗಿಬರಲು ಒಟ್ಟು 20 ಕಿ.ಮೀ., ಅದೂ ಹೆಚ್ಚಿನದು ಟ್ರಾಫಿಕ್ಕಿನಲ್ಲೇ. ಮೂರು ಕಾರು ನೋಡಿಟ್ಟಿದ್ದೇನೆ, ಮೂರಕ್ಕೂ ಹೆಚ್ಚುಕಡಿಮೆ ಒಂದೇ ರೇಟು ಹೇಳುತ್ತಿದ್ದಾರೆ. ಮೊದಲನೆಯದು ಏಳು ವರ್ಷದ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುವಲ್ ಗೇರು, ಒಬ್ಬರೇ ಓನರ್, 62,000 ಕಿ.ಮೀ. ಓಡಿದೆ. ಎರಡನೆಯದು ಹತ್ತು ವರ್ಷದ ಟೊಯೋಟಾ ಡೀಸೆಲ್, 2,10,000 ಕಿ.ಮೀ. ಮೂರನೆಯದು ಹದಿಮೂರು ವರ್ಷದ ಜರ್ಮನ್ ಲಕ್ಷುರಿ ಸೆಡಾನ್, ಆಟೊಮ್ಯಾಟಿಕ್, 1,20,000 ಕಿ.ಮೀ. ನನ್ನ ತಮ್ಮ ಮೂರನೆಯದರ ಹಿಂದೆ ಬಿದ್ದಿದ್ದಾನೆ, ಈ ರೇಟಿಗೆ ಇಂಥ ಕಾರು ಮತ್ತೆ ಸಿಗಲ್ಲ ಅಂತಾನೆ. ಯಾವುದನ್ನು ತಗೊಂಡರೂ ಕೈಯಲ್ಲಿರುವುದೆಲ್ಲ ಖಾಲಿ. ಏನು ಹೇಳ್ತೀರಿ?

ಲೆಕ್ಕಪುಸ್ತಕ:
ಮೇಡಂ, ಕಾರಿನ ಮಾತು ಆಮೇಲೆ. ಕೈಯಲ್ಲಿರುವುದೆಲ್ಲ ಖಾಲಿ ಅಂದಿರಲ್ಲ, ಹಾಗಿದ್ದರೆ ಮೂರರಲ್ಲಿ ಯಾವುದೂ ನಿಮ್ಮ ಬಜೆಟ್ಟಿನ ಕಾರಲ್ಲ. ಐದರಲ್ಲಿ ಒಂದು ಪಾಲು ಪಕ್ಕಕ್ಕೆ ಎತ್ತಿಡಿ, ಉಳಿದದ್ದರಲ್ಲಿ ಹುಡುಕಿ. ಹಳೇ ಕಾರು ಮನೆಗೆ ಬಂದ ಮೊದಲ ವರ್ಷದಲ್ಲೇ ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಆಯಿಲ್, ಕೂಲಂಟ್, ಹೆಸರು ಬದಲಾವಣೆ, ಇನ್ಶೂರೆನ್ಸ್ ಅಂತ ಒಂದರ ಹಿಂದೆ ಒಂದು ಬರುತ್ತದೆ. ಮಾರಬೇಕು ಅಂತ ಮನಸ್ಸು ಮಾಡಿದವರು ಆ ಖರ್ಚನ್ನು ಮುಂದಿನವರ ತಲೆಗೆ ಬಿಟ್ಟಿರುತ್ತಾರೆ, ಅದು ಸಹಜ. ಇದ್ದ ಕ್ಯಾಷೆಲ್ಲ ಕೊಟ್ಟು ಕೂತ ಮೇಲೆ ಕ್ಲಚ್ ಹೋದರೆ ಕಾರು ಮನೆ ಮುಂದೆ ನಿಂತುಕೊಳ್ಳುತ್ತದೆ, ನೀವು ಬಸ್ಸಿಗೆ ಹೋಗುತ್ತೀರಿ.

ಸ್ಟೈಲ್ ರಾಜ:
ತಮ್ಮ ಹೇಳಿದ್ದರಲ್ಲಿ ತಪ್ಪೇನಿದೆ? ಸಣ್ಣ ಕಾರಿನಲ್ಲಿ ಎರಡು ಏರ್‌ಬ್ಯಾಗು, ತಗಡಿನ ಬಾಗಿಲು. ದೊಡ್ಡ ಸೆಡಾನಿನಲ್ಲಿ ಸುತ್ತಲೂ ಏರ್‌ಬ್ಯಾಗು, ಗಟ್ಟಿ ಬಾಡಿ, ಟ್ರಾಫಿಕ್ಕಿನಲ್ಲಿ ಆಟೊಮ್ಯಾಟಿಕ್ಕಿನ ಸುಖ. ಹೊಸದಾಗಿದ್ದಾಗ ಇದರ ಬೆಲೆ ನೋಡಿದ್ದೀರಾ? ಮೊದಲ ಓನರ್ ಎಲ್ಲ ನಷ್ಟ ತಿಂದಾಗಿದೆ, ಲಾಭ ನಮಗೆ.

ಲೆಕ್ಕಪುಸ್ತಕ:
ರಾಜಣ್ಣಾ, ಕಾರಿನ ಬೆಲೆ ಇಳಿದಿದೆ, ಸ್ಪೇರ್ ಪಾರ್ಟ್ಸಿನ ಬೆಲೆ ಇಳಿದಿಲ್ಲ. ಆ ಹೆಡ್‌ಲ್ಯಾಂಪು, ಆ ಸಸ್ಪೆನ್ಷನ್ನು, ಆ ಕಂಪ್ಯೂಟರ್ ಬಾಕ್ಸು, ಎಲ್ಲವೂ ಇವತ್ತಿಗೂ ಲಕ್ಷುರಿ ಕಾರಿನ ರೇಟಿನಲ್ಲೇ ಸಿಗುವುದು. ಆನೆ ತರುವುದು ಸುಲಭ, ಸಾಕುವುದು ಕಷ್ಟ.

ಸ್ಪ್ಯಾನರ್ ಹದಿಮೂರು:
ಗ್ಯಾರೇಜಿನಲ್ಲಿ ಕೆಲಸ ಮಾಡುವವನು ನಾನು, ನನ್ನದೂ ಒಂದು ಮಾತು. ಮೂರನೇ ಕಾರು ಕೆಟ್ಟ ಕಾರು ಅಂತ ಹೇಳುವುದಿಲ್ಲ. ಆದರೆ ಅಕ್ಕಾ, ಅದರ ಗೇರ್‌ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಒಂದೇ ಪ್ರಶ್ನೆ ಕೇಳಿ ನೋಡಿ. 'ಅದು ಲೈಫ್‌ಟೈಮ್ ಆಯಿಲ್, ಬದಲಾಯಿಸಬೇಕಾಗಿಲ್ಲ' ಅಂತ ಉತ್ತರ ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎಷ್ಟೋ ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ಬದಲಾಯಿಸದೆ ಓಡಿಸಿದ ಗೇರ್‌ಬಾಕ್ಸ್ ಕೈಕೊಡುವುದು ಮೂರನೇ ಓನರ್ ಕೈಗೆ ಬಂದ ಮೇಲೆ. ಆ ಮೂರನೆಯವರು ಯಾವಾಗಲೂ ಕಡಿಮೆ ಬಜೆಟ್ಟಿನವರೇ.

ಇನ್ನು ಏರ್‌ಬ್ಯಾಗಿನ ಮಾತು. ಲೆಕ್ಕ ಜಾಸ್ತಿ ಇದ್ದರೆ ಸಾಲದು, ಅವು ಸರಿ ಇವೆಯಾ ನೋಡಬೇಕು. ಟಕಾಟಾ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರುಗಳನ್ನು, ಅಂದರೆ ಬ್ಯಾಗನ್ನು ಉಬ್ಬಿಸುವ ಡಬ್ಬಿಗಳನ್ನು, ಜಗತ್ತಿನಾದ್ಯಂತ ಸುಮಾರು 10 ಕೋಟಿಯಷ್ಟು ವಾಪಸ್ ಕರೆಯಬೇಕಾಯಿತು. ಒಳಗಿನ ರಾಸಾಯನಿಕ ವರ್ಷಗಟ್ಟಲೆ ಸೆಕೆ, ತೇವ ಕುಡಿದು ಕೆಟ್ಟು, ಒಡೆಯುವಾಗ ಲೋಹದ ಚೂರುಗಳನ್ನು ಮುಖಕ್ಕೇ ಎರಚುತ್ತಿತ್ತು. ಟೊಯೋಟಾ, ಹೋಂಡಾ, ಬಿಎಂಡಬ್ಲ್ಯು ಎಲ್ಲದರಲ್ಲೂ ಇತ್ತು ಅದು. ಹಾಗಾಗಿ ಯಾವ ಕಾರಾದರೂ ಚಾಸಿ ನಂಬರ್ ಕೊಟ್ಟು ರಿಕಾಲ್ ಬಾಕಿ ಇದೆಯಾ ಅಂತ ಕಂಪನಿಯಲ್ಲಿ ವಿಚಾರಿಸಿ. ಬಾಕಿ ಇದ್ದರೆ ಸಾಮಾನ್ಯವಾಗಿ ಪುಕ್ಕಟೆ ಮಾಡಿಕೊಡುತ್ತಾರೆ.

ಹೈವೇ ಹಕ್ಕಿ:
ಎಲ್ಲರೂ ಸುಮ್ನೆ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಟೊಯೋಟಾ ತಗೊಳ್ಳಿ, ಮುಗೀತು. ಎರಡು ಲಕ್ಷ ಅಂದಕೂಡಲೇ ಹೆದರಬೇಡಿ. ಹೈವೇಯಲ್ಲಿ ಒಂದೇ ಗೇರಿನಲ್ಲಿ ಓಡಿದ ಎರಡು ಲಕ್ಷ, ಪೇಟೆಯಲ್ಲಿ ಕ್ಲಚ್ ತುಳಿತುಳಿದು ಓಡಿಸಿದ 60,000ಕ್ಕಿಂತ ಮೇಲು. ಹತ್ತು ನಿಮಿಷಕ್ಕೊಮ್ಮೆ ಆಫ್ ಆಗುವ ಇಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಆಯಿಲ್‌ಗೆ ಪೆಟ್ರೋಲು, ನೀರಿನ ಆವಿ ಸೇರಿಕೊಳ್ಳುತ್ತಾ ಹೋಗುತ್ತದೆ. ಆ ಹ್ಯಾಚ್‌ಬ್ಯಾಕು ಹಾಗೆ ಓಡಿದ್ದೇ ಇರಬಹುದು, ಅಲ್ವಾ?

ನಿಧಾನಸ್ಥ:
ಹಕ್ಕಿ ಸಾರ್, ನೀವು ಹೇಳಿದ್ದು ನಿಜ, ಆದರೆ ಅದು ನಿಮಗೇ ತಿರುಗಿಬೀಳುತ್ತದೆ. ಮೇಡಂ ಓಡಿಸುವುದೂ ಹತ್ತು ಹತ್ತು ಕಿಲೋಮೀಟರೇ, ಟ್ರಾಫಿಕ್ಕಿನಲ್ಲೇ. ಎಷ್ಟೋ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ, ಇದರಲ್ಲೂ ಇದೆಯಾ ಅಂತ ಮೊದಲು ಕೇಳಿ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಆಗಾಗ ಒಂದೇ ಸಮನೆ ಸ್ವಲ್ಪ ಹೊತ್ತು ವೇಗವಾಗಿ ಓಡಬೇಕು. ಪೇಟೆಯೊಳಗೇ ತೆವಳುತ್ತಿದ್ದರೆ ಕಟ್ಟಿಕೊಳ್ಳುತ್ತದೆ. ಬದಲಾಯಿಸಲು ಹೋದರೆ ಲೆಕ್ಕಪುಸ್ತಕದವರು ಎತ್ತಿಡಿ ಅಂದ ಐದನೇ ಒಂದು ಪಾಲು ಅದಕ್ಕೇ ಸರಿಹೋದೀತು.

ಮತ್ತೆ ಟೊಯೋಟಾ ಗಟ್ಟಿ ಅಂತ ಮಾರುವವರಿಗೂ ಗೊತ್ತು. ಅದಕ್ಕೇ ಅಲ್ವಾ ಬೇರೆ ಕಾರು ಏಳು ವರ್ಷದ್ದು ಸಿಗುವ ರೇಟಿಗೆ ಇದು ಹತ್ತು ವರ್ಷದ್ದು ಸಿಗುತ್ತಿರುವುದು. ಒಳ್ಳೆ ಹೆಸರಿನ ಬೆಲೆಯನ್ನು ಮೊದಲೇ ಕಟ್ಟಿ ತಗೊಳ್ಳುತ್ತೀರಿ. ಟೈಟ್ ಬಜೆಟ್ಟಿನಲ್ಲಿ ನಾನು ಹೆಸರಿಗೆ ದುಡ್ಡು ಕೊಡುವುದಿಲ್ಲ, ಹಿಂದಿನ ಓನರ್ ಹೇಗೆ ನೋಡಿಕೊಂಡಿದ್ದಾನೆ ಅನ್ನುವುದಕ್ಕೆ ಕೊಡುತ್ತೇನೆ.

ಹೈವೇ ಹಕ್ಕಿ:
ಓನರ್ ಮುಖ ನೋಡಿ ಕಾರು ತಗೊಳ್ಳುವುದಾ? ಎಲ್ಲರೂ 'ನಮ್ಮನೆ ಮಗು ಥರ ನೋಡಿಕೊಂಡಿದ್ದೇವೆ' ಅಂತಾನೇ ಹೇಳುವುದು 😀

ನಿಧಾನಸ್ಥ:
ಬಾಯಿಮಾತು ಯಾರಿಗೆ ಬೇಕು, ಬಿಲ್ಲು ಬೇಕು. ಬಿಲ್ಲಿನಲ್ಲಿ ತಾರೀಕು, ಕಿಲೋಮೀಟರ್ ಎರಡೂ ಇರುತ್ತದೆ, ಸಾಲಾಗಿ ಜೋಡಿಸಿ ನೋಡಿ, ಅಂಕಿ ಏರುತ್ತಲೇ ಹೋಗಬೇಕು. ಮೀಟರ್ ಹಿಂದಕ್ಕೆ ತಿರುಗಿಸುವುದು ಇವತ್ತಿಗೂ ನಿಂತಿಲ್ಲ, ಡಿಜಿಟಲ್ ಆದ ಮೇಲೆ ಇನ್ನೂ ಸುಲಭವಾಗಿದೆ. ಬಿಲ್ಲಿಲ್ಲ ಅಂದರೆ ಪೆಡಲಿನ ರಬ್ಬರು, ಸ್ಟೇರಿಂಗಿನ ಹೊಳಪು, ಡ್ರೈವರ್ ಸೀಟಿನ ಅಂಚು ನೋಡಿ. 62,000 ಅಂತ ಹೇಳುವ ಕಾರಿನ ಕ್ಲಚ್ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. ಪೆಡಲ್ ರಬ್ಬರ್ ಹೊಚ್ಚಹೊಸದಾಗಿದ್ದರೂ ಅನುಮಾನವೇ.

ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಬರೆದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ ತಯಾರಾದದ್ದು. ನಾಲ್ಕು ಟೈರೂ ಒಂದೇ ಕಾಲದ್ದಾ, ಕಾರಿನ ವಯಸ್ಸಿಗೂ ಮೀಟರಿಗೂ ತಾಳೆಯಾಗುತ್ತದಾ ನೋಡಿ. ಕಿಟಕಿ ಗಾಜಿನ ಮೂಲೆಯ ಗುರುತನ್ನೂ ಹೋಲಿಸಿ, ಒಂದೇ ಒಂದು ಗಾಜು ಬೇರೆ ಥರ ಇದ್ದರೆ ಆ ಕಡೆ ಏನೋ ಆಗಿದೆ.

ಮಳೆಹನಿ:
ಅಬ್ಬಾ, ಇಷ್ಟೆಲ್ಲ ಇದೆಯಾ! ಮೂರನೆಯದನ್ನು ಕೈಬಿಟ್ಟೆ, ತಮ್ಮ ಮುಖ ಊದಿಸಿಕೊಂಡಿದ್ದಾನೆ. ಒಂದು ವಿಷಯ ಹೇಳಲಾ? ಹ್ಯಾಚ್‌ಬ್ಯಾಕ್ ನೋಡಲು ಹೋದಾಗ ಓನರ್ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ನಿಮ್ಮನ್ನು ಕಾಯಿಸುವುದು ಬೇಡ ಅಂತ ಹಾಗೆ ಮಾಡಿದೆ ಅಂದರು. ಇದರಲ್ಲೇನಾದರೂ ಇದೆಯಾ?

ಸ್ಪ್ಯಾನರ್ ಹದಿಮೂರು:
ಇರಬಹುದು, ಇಲ್ಲದೆಯೂ ಇರಬಹುದು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಕಾಣುವ ತೊಂದರೆ ಬಿಸಿಯಾದ ಮೇಲೆ ಕಾಣದೆ ಹೋಗಬಹುದು. ಇನ್ನೊಂದು ದಿನ ಬೆಳಿಗ್ಗೆ ಹೋಗಿ, 'ಸ್ಟಾರ್ಟ್ ಮಾಡಬೇಡಿ, ನಾನೇ ಮಾಡುತ್ತೇನೆ' ಅಂತ ಮೊದಲೇ ಹೇಳಿಡಿ. ಹೋದಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇವತ್ತೂ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದರೆ ಬಾನೆಟ್ ಎತ್ತಿ, ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಮೈ ನೋಡಿ. ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಅಷ್ಟಕ್ಕೇ ತೀರ್ಪು ಕೊಡಬೇಡಿ, ಚಳಿಯಲ್ಲಿ ಹತ್ತಿರ ಹತ್ತಿರ ಓಡಿಸುವ ಕಾರಿನಲ್ಲಿ ಬರೀ ಮುಚ್ಚಳಕ್ಕೆ ಹಾಗೆ ಸ್ವಲ್ಪ ಹಿಡಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ, ಅದರಲ್ಲೂ ಹಾಗೇ ಇದ್ದರೆ, ಕೂಲಂಟ್ ಡಬ್ಬಿಯಲ್ಲಿ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗದ ಸೀಲು) ಅಥವಾ ಅದಕ್ಕಿಂತ ದೊಡ್ಡದೇ ಹೋಗಿರಬಹುದು. ಮಾತು ಮುಗಿಸಿ ಬನ್ನಿ.

ಆಮೇಲೆ ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಇಂಜಿನ್ ಲೈಟು, ಏರ್‌ಬ್ಯಾಗ್ ಲೈಟು, ಎಬಿಎಸ್ ಲೈಟು ಒಮ್ಮೆ ಹೊತ್ತಿಕೊಳ್ಳಲೇಬೇಕು. ಹೊತ್ತದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಆಮೇಲೆ ಸ್ಟಾರ್ಟ್ ಮಾಡಿ, ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ತಲೆಕೆಡಿಸಿಕೊಳ್ಳಬೇಡಿ, ಬಿಸಿಯಾದ ಮೇಲೂ ಬರುತ್ತಲೇ ಇದ್ದರೆ ಕೂಲಂಟ್ ಒಳಗೆ ಹೋಗುತ್ತಿದೆ.

ಸ್ಟೈಲ್ ರಾಜ:
ಇಷ್ಟೆಲ್ಲ ಕಷ್ಟ ಯಾಕೆ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಒಂದು ಒಬಿಡಿ ಸ್ಕ್ಯಾನರ್ ತಗೊಂಡು ಚುಚ್ಚಿದರೆ ಎಲ್ಲ ಹೇಳುತ್ತದೆ.

ಸ್ಪ್ಯಾನರ್ ಹದಿಮೂರು:
ಮಾರುವವನ ಹತ್ತಿರವೂ ಅದೇ ಸ್ಕ್ಯಾನರ್ ಇರುತ್ತದೆ ಗುರುವೇ. ನೀವು ಬರುವ ಹಿಂದಿನ ರಾತ್ರಿ ಕೋಡುಗಳನ್ನು ಅಳಿಸಿ ಇಟ್ಟಿರುತ್ತಾನೆ. ಅದಕ್ಕೆ ಕೋಡಿಗಿಂತ ರೆಡಿನೆಸ್ ಅಂತ ಇರುವ ಪುಟ ತೆಗೆದು ನೋಡಿ. ಕೋಡ್ ಅಳಿಸಿದಾಗ ಕಾರು ತನ್ನನ್ನು ತಾನು ಪರೀಕ್ಷಿಸಿಕೊಂಡ ಲೆಕ್ಕವೂ ಅಳಿಸಿಹೋಗುತ್ತದೆ. ಮತ್ತೆ ಪೂರ್ತಿಯಾಗಲು ಬೇರೆ ಬೇರೆ ಥರದ ಓಡಾಟ ಬೇಕು. ಕೋಡು ಒಂದೂ ಇಲ್ಲ, ಆದರೆ ಸಾಲುಸಾಲು 'ಪೂರ್ತಿಯಾಗಿಲ್ಲ' ಅಂತ ಬಂದರೆ ಈಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಸ್ಕ್ಯಾನರ್ ಬೇಡ ಅನ್ನುತ್ತಿಲ್ಲ, ತಗೊಳ್ಳಿ. ಆದರೆ ತುಕ್ಕು, ಸವೆದ ಬುಶ್ಶು, ಸೋರುವ ಸೀಲು ಇದ್ಯಾವುದೂ ಅದಕ್ಕೆ ಕಾಣುವುದಿಲ್ಲ.

ಹೈವೇ ಹಕ್ಕಿ:
ಸ್ಪ್ಯಾನರಣ್ಣ, ಇದೊಂದು ಒಪ್ಪಿದೆ. ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆಯೂ ಹೇಳಿ, ಕಡಿಮೆ ರೇಟಿನ ಕಾರುಗಳಲ್ಲಿ ಅವೂ ಬಂದು ಸೇರಿಕೊಂಡಿರುತ್ತವೆ.

ಸ್ಪ್ಯಾನರ್ ಹದಿಮೂರು:
ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಪೂರ್ತಿ ನಿಲ್ಲುವವರೆಗೆ. ಸೀಟು, ಮ್ಯಾಟು ಎಲ್ಲ ತೊಳೆಸುತ್ತಾರೆ, ಒಳಗೆ ಸುತ್ತಿಕೊಂಡಿರುವ ಬೆಲ್ಟಿನ ಕೊನೆ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಕೆಸರಿನ ಗೆರೆ ಸಿಕ್ಕರೆ ಬೇರೆ ಸಾಕ್ಷಿ ಬೇಡ. ಸೀಟಿನ ಅಡಿಯ ಕಂಬಿ, ಸ್ಟೆಪ್ನಿ ಇಡುವ ಗುಂಡಿಯನ್ನೂ ನೋಡಿ. ಒಳಗೆ ಸುಗಂಧ ಘಮ್ಮೆನ್ನುತ್ತಿದ್ದರೆ ಕಿಟಕಿ ಮುಚ್ಚಿ ಸ್ವಲ್ಪ ಹೊತ್ತು ಕೂತುನೋಡಿ, ಅದರಡಿಯ ವಾಸನೆ ಮೂಗಿಗೆ ಬಡಿಯುತ್ತದೆ.

ಮಳೆಹನಿ:
ಹ್ಯಾಚ್‌ಬ್ಯಾಕಿನವರು ಮೆಕ್ಯಾನಿಕ್ ಕರೆದುಕೊಂಡು ಬನ್ನಿ, ಆದರೆ ಗಾಡಿ ಮನೆಯಿಂದ ಆಚೆ ಕಳಿಸಲ್ಲ ಅನ್ನುತ್ತಿದ್ದಾರೆ.

ನಿಧಾನಸ್ಥ:
ಬಿಟ್ಟುಬಿಡಿ. ಏನೋ ಮುಚ್ಚಿಡುತ್ತಿದ್ದಾರೆ.

ಲೆಕ್ಕಪುಸ್ತಕ:
ಅಷ್ಟು ಬೇಗ ಬಿಡಬೇಡಿ. ಗುರುತು ಪರಿಚಯ ಇಲ್ಲದವರ ಕೈಗೆ ಗಾಡಿ ಕೊಡಲು ಯಾರಿಗಾದರೂ ಹಿಂಜರಿಕೆ ಇರುತ್ತದೆ. ಓನರೂ ಜೊತೆಗೆ ಬರಲಿ, ಅವರೇ ಓಡಿಸಿಕೊಂಡು ಬರಲಿ, ಚೆಕಪ್ ಫೀಸು ನಾನು ಕೊಡುತ್ತೇನೆ ಅನ್ನಿ. ಆಗಲೂ ಒಪ್ಪದಿದ್ದರೆ ನಿಧಾನಸ್ಥರ ಮಾತು ಸರಿ. ಕೆಳಭಾಗ ನೋಡಬೇಕಾದರೆ ಲಿಫ್ಟ್ ಮೇಲೆ ಎತ್ತಲೇಬೇಕು, ಮನೆ ಮುಂದೆ ಬಗ್ಗಿ ನೋಡಿದರೆ ಅರ್ಧವೂ ಕಾಣುವುದಿಲ್ಲ. ಮೆಕ್ಯಾನಿಕ್ ನಿಮ್ಮ ಕಡೆಯವರೇ ಆಗಿರಲಿ, ಮಾರುವವರು ತೋರಿಸಿದವರು ಬೇಡ. ಕಾರಿನ ಮೇಲೆ ಸಾಲ ಬಾಕಿ ಇದೆಯಾ ಅನ್ನುವುದನ್ನೂ ವಿಚಾರಿಸಿ, ಅದು ಯಾವ ಲಿಫ್ಟಿನ ಮೇಲೂ ಕಾಣುವುದಿಲ್ಲ.

ಮಳೆಹನಿ:
ಒಪ್ಪಿದರು! ಈ ಶನಿವಾರ ಜೊತೆಗೆ ಬರುತ್ತಾರೆ. ಇವತ್ತು ಬೆಳಿಗ್ಗೆ ಹೋಗಿ ಸ್ಟಾರ್ಟ್ ಮಾಡಿ ನೋಡಿದೆ, ಬಾನೆಟ್ ತಣ್ಣಗಿತ್ತು, ಹೊಗೆ ಇಲ್ಲ. ಬಿಲ್ಲುಗಳಿವೆ, ಅಂಕಿ ಸರಿಯಾಗಿ ಏರುತ್ತಾ ಹೋಗಿದೆ. ಮೂರು ಟೈರು ಕಾರಿನಷ್ಟೇ ಹಳೆಯವು, ಅದನ್ನು ತೋರಿಸಿ ರೇಟು ಇಳಿಸಿ ಅಂದೆ. ಸ್ವಲ್ಪ ಇಳಿಸಿದ್ದಾರೆ, ಐದನೇ ಒಂದು ಪಾಲು ಪೂರ್ತಿ ಉಳಿಯದಿದ್ದರೂ ಟೈರು, ಬ್ಯಾಟರಿಗೆ ಸಾಕಾಗುವಷ್ಟು ಉಳಿಯುತ್ತದೆ. ಇಂಜಿನ್ನಿನ ವಾಲ್ವುಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದೀರಾ ಅಂತ ಕೇಳಿದ್ದಕ್ಕೆ ಇದರಲ್ಲಿ ಚೈನ್ ಇರುವುದು, ಬದಲಾಯಿಸುವ ಹಾಗೇ ಇಲ್ಲ ಅಂದರು. ನಂಬಬಹುದಾ?

ಸ್ಪ್ಯಾನರ್ ಹದಿಮೂರು:
ಅವರಿಗೆ ಗೊತ್ತಿಲ್ಲದೆಯೂ ಹೇಳಿರಬಹುದು. ಒಂದೇ ಮಾಡೆಲ್ಲಿನಲ್ಲಿ ಒಂದು ಇಂಜಿನ್ನಿಗೆ ಚೈನ್, ಇನ್ನೊಂದಕ್ಕೆ ಬೆಲ್ಟ್ ಇರುತ್ತದೆ. ಇಂಜಿನ್ನಿನ ಒಂದು ಪಕ್ಕ ಪ್ಲಾಸ್ಟಿಕ್ ಕವರ್ ಇದ್ದರೆ ಸಾಮಾನ್ಯವಾಗಿ ಬೆಲ್ಟ್, ಗಟ್ಟಿ ಲೋಹದ ಕವರ್ ಇದ್ದರೆ ಚೈನ್. ಆದರೆ ಕೆಲವು ಸಣ್ಣ ಪೆಟ್ರೋಲ್ ಇಂಜಿನ್ನುಗಳಲ್ಲಿ ಬೆಲ್ಟೇ ಆಯಿಲ್ ಒಳಗೆ ಓಡುತ್ತದೆ, ಹೊರಗಿಂದ ನೋಡಿದರೆ ಚೈನ್ ಥರವೇ ಕಾಣುತ್ತದೆ. ಅದು ಸವೆದರೆ ಪುಡಿ ಹೋಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಬೆಲ್ಟ್ ತುಂಡಾದರಂತೂ ಹೆಚ್ಚಿನ ಇಂಜಿನ್ನುಗಳಲ್ಲಿ ಪಿಸ್ಟನ್ನು ಹೋಗಿ ವಾಲ್ವಿಗೆ ಹೊಡೆಯುತ್ತದೆ, ಆ ರಿಪೇರಿ ನಿಮ್ಮ ಬಜೆಟ್ಟಿನಲ್ಲಿ ಆಗುವುದಲ್ಲ. ಇಂಜಿನ್ ಕೋಡ್ ಮತ್ತು ತಯಾರಾದ ವರ್ಷ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ ಅಕ್ಕಾ.

ಮಳೆಹನಿ:
ಆಯ್ತು, ಸಂಜೆ ಅವರಿಗೆ ಫೋನ್ ಮಾಡಿ ಕೇಳಿ ಹಾಕುತ್ತೇನೆ. ಚಾಸಿ ನಂಬರೂ ಕೇಳುತ್ತೇನೆ, ರಿಕಾಲ್ ವಿಚಾರಿಸಲು.

ಹೈವೇ ಹಕ್ಕಿ:
ಮೇಡಂ, ಆ ಟೊಯೋಟಾ ಇನ್ನೂ ಹೋಗಿಲ್ಲ ಅಂದರೆ ಅದರ ವಿವರ ನನಗೆ ಮೆಸೇಜ್ ಮಾಡ್ತೀರಾ? ನನಗೆ ದಿನಾ ಹೈವೇ ಓಡಾಟ ಇದೆ.

ನಿಧಾನಸ್ಥ:
ಸೀಟ್ ಬೆಲ್ಟ್ ಎಳೆದು ನೋಡಿ ಸಾರ್ 😀