ಚಕ್ರ ‘ಒಳಕ್ಕೆ’ ಇದೆ ಎಂದರೆ ಯಾವುದು ಒಳಕ್ಕೆ? ಕ್ಯಾಂಬರ್, ರೈಡ್ ಹೈಟ್ ಪದಗಳ ಬಗ್ಗೆ

ಪದಾಸಕ್ತರಿಗೆ ನಮಸ್ಕಾರ.

ಮಡಿಕೇರಿಯಲ್ಲಿ ಹಳೆಯ ಕಾರುಗಳ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ, ಮುಂಗಾಲಿಗಳ ಸಸ್ಪೆನ್ಷನ್ (ಚಕ್ರವನ್ನು ಕಾರಿಗೆ ಜೋಡಿಸಿ ಕುಲುಕಾಟ ತಡೆಯುವ ಏರ್ಪಾಡು) ಹೊಂದಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಅದರ ಸಮೀಪದ ನೆಂಟ, ಎರಡೇ ಆಸನದ ಟ್ರಯಂಫ್ ಸ್ಪಿಟ್‌ಫೈರ್ ನನ್ನ ಉದಾಹರಣೆಗಳು. ಬೋಲ್ಟು, ಬುಷ್, ಶಿಮ್ (ಸಂದಿಗೆ ಸೇರಿಸುವ ತೆಳು ತಗಡು) ಇವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಎಲ್ಲರಿಗೂ ಗೊತ್ತಿರುವುದನ್ನು ಬದಲಿಸುವ ಹಟ ನನಗಿಲ್ಲ. ತೊಡಕಿರುವುದು ಅಳತೆಗಳ ಹೆಸರಿನಲ್ಲಿ.

ಎದುರಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಕಾರಿನ ಕಡೆಗೋ ಆಚೆಗೋ ಓರೆಯಾಗಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗಗಳು ಒಂದಕ್ಕೊಂದು ಹತ್ತಿರವಾಗಿರುವುದು ಟೋ-ಇನ್. ನಮ್ಮ ಗ್ಯಾರೇಜುಗಳಲ್ಲಿ ಎರಡಕ್ಕೂ ‘ಚಕ್ರ ಒಳಕ್ಕೆ ಇದೆ’ ಎಂಬ ಒಂದೇ ಮಾತು. ಆದರೆ ಮೇಲ್ತುದಿ ಅತಿಯಾಗಿ ಒಳಗೆ ವಾಲಿದರೆ ಟೈರಿನ ಒಳ ಅಂಚು ಸವೆಯುತ್ತದೆ. ಟೋ-ಇನ್ ಅತಿಯಾದರೆ ಹೊರ ಅಂಚು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಇಳಿಯುವ ಕಾರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಮಾತು ಸ್ಪಷ್ಟವಾಗಿಲ್ಲದಿದ್ದರೆ ಒಂದನ್ನು ತಿದ್ದಬೇಕಾದ ಕಡೆ ಇನ್ನೊಂದನ್ನು ತಿರುಗಿಸುತ್ತಾರೆ.

ಸ್ಪಿಟ್‌ಫೈರ್‌ನಲ್ಲಿ ಗೊಂದಲ ಇನ್ನೂ ಹೆಚ್ಚು. ಕೆಳಗಿನ ವಿಷ್‌ಬೋನ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ಕವಲು ತೋಳಿನ) ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಶಿಮ್ ಸೇರಿಸಿದರೆ ಚಕ್ರದ ಬುಡ ಹೊರಕ್ಕೆ ಸರಿಯುತ್ತದೆ, ಅಂದರೆ ತಲೆ ಒಳಕ್ಕೆ ವಾಲುತ್ತದೆ. ‘ಹೊರಕ್ಕೆ ತಳ್ಳು’ ಎಂದು ಬರೆದರೂ ಸರಿ, ‘ಒಳಕ್ಕೆ ವಾಲಿಸು’ ಎಂದರೂ ಸರಿ! ಆದ್ದರಿಂದ ಯಾವ ತುದಿ ಎಂಬುದು ಪದದಲ್ಲೇ ಇರಬೇಕು ಎಂಬುದು ನನ್ನ ನಿಲುವು. ಕ್ಯಾಂಬರಿಗೆ ‘ತಲೆವಾಲು’ (ತಲೆ ಒಳವಾಲು, ತಲೆ ಹೊರವಾಲು), ಟೋಗೆ ‘ಮೂತಿ ಒಳಕ್ಕೆ, ಮೂತಿ ಹೊರಕ್ಕೆ’ ಎಂದು ಬರೆದು ನೋಡಿದ್ದೇನೆ. ಕೆಲವರು ಸೂಚಿಸಿದ ‘ಬಾಗು’ ನನಗೆ ಒಪ್ಪಿಗೆಯಿಲ್ಲ. ಕ್ಯಾಂಬರ್ ಪದದ ಮೂಲದಲ್ಲಿ ಕಮಾನಿನ ಅರ್ಥವಿರುವುದು ನಿಜ. ಮಳೆನೀರು ಇಳಿದುಹೋಗಲೆಂದು ರಸ್ತೆಯ ನಡುವೆ ಕೊಡುವ ಉಬ್ಬಿಗೆ ಅದು ಒಗ್ಗುತ್ತದೆ. ಚಕ್ರ ಬಾಗುವುದಿಲ್ಲ, ವಾಲುತ್ತದೆ. ತಲೆ ಒಳವಾಲಿಗೆ ‘ಋಣ ಕ್ಯಾಂಬರ್’ (ನೆಗೆಟಿವ್ ಕ್ಯಾಂಬರ್) ಎನ್ನುವುದು ಪಠ್ಯಪುಸ್ತಕಕ್ಕೆ ಸರಿ, ಜಾಕ್ ಹಿಡಿದವನಿಗೆ ಅದರಿಂದ ದಿಕ್ಕು ತಿಳಿಯುವುದಿಲ್ಲ.

ರೈಡ್ ಹೈಟ್‌ಗೆ, ಅಂದರೆ ಸಸ್ಪೆನ್ಷನ್ ಮೇಲೆ ಕಾರಿನ ಒಡಲು ನಿಲ್ಲುವ ಎತ್ತರಕ್ಕೆ, ‘ನಿಲುವೆತ್ತರ’ ಎನ್ನಬಹುದೇ? ‘ನೆಲದಂತರ’ ಬೇಡ, ಅದು ಗ್ರೌಂಡ್ ಕ್ಲಿಯರೆನ್ಸ್‌ಗೆ (ಕಾರಿನ ಅತಿ ಕೆಳಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರಕ್ಕೆ) ಬೇಕಾಗುತ್ತದೆ. 1961ರ ಜಾಗ್ವಾರ್ ಇ-ಟೈಪ್‌ನಂಥ ಕಾರಿನಲ್ಲಿ ಮುಂಭಾಗದ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳಿನ) ಹಲ್ಲುಗಳನ್ನು ಬೇರೆ ಜಾಗಕ್ಕೆ ಕೂರಿಸಿ ಈ ಎತ್ತರವನ್ನು ಹೊಂದಿಸುತ್ತಾರೆ. ಎತ್ತರ ಬದಲಾದರೆ ತಲೆವಾಲೂ ಬದಲಾಗುವುದರಿಂದ ಮೊದಲು ನಿಲುವೆತ್ತರ, ಆಮೇಲೆ ತಲೆವಾಲು, ಕೊನೆಗೆ ಮೂತಿ; ಈ ಕ್ರಮ ತಪ್ಪುವಂತಿಲ್ಲ.

ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹಳೆಯ ಬಡಗಿಗಳು ಎತ್ತಿನ ಗಾಡಿಯ ಚಕ್ರ ಹೀಗೆ ಓರೆಯಾದಾಗ ಏನೆನ್ನುತ್ತಿದ್ದರು? ಅರೆಭಾಷೆ, ಕೊಡವ ತಕ್ಕ್ ಬಲ್ಲವರು ತಿಳಿಸಿದರೆ ನನ್ನ ‘ತಲೆವಾಲು’ವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.