ನಮೀಬಿಯಾದ ಬೇಟೆ ಸಫಾರಿಗೆ ಗಿರಾಕಿ ಹುಡುಕಿಕೊಡುವ ಏಜೆಂಟ್ ಕೆಲಸ: ಶುರು ಮಾಡಬಹುದಾ?

ವಿರಾಜಪೇಟೆಯವ
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನವನು, ಹ್ಯೂಸ್ಟನ್‌ಗೆ ಬಂದು 11 ವರ್ಷ ಆಯಿತು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು. ಇಲ್ಲಿ ಸೀಸನ್ ಬಂದರೆ ಆಫೀಸಿನ ಗೆಳೆಯರ ಜೊತೆ ಜಿಂಕೆ ಬೇಟೆಗೆ ಹೋಗುತ್ತೇನೆ. ಹೋದ ಜೂನ್‌ನಲ್ಲಿ ನಾಲ್ಕು ಜನ ಸೇರಿ ನಮೀಬಿಯಾಕ್ಕೆ ಹೋಗಿದ್ದೆವು, ಒಟ್ಜಿವಾರೊಂಗೊ ಹತ್ತಿರದ ಒಂದು ಫಾರ್ಮಿಗೆ. ಹೊರಡುವ ದಿನ ಅಲ್ಲಿನ ಔಟ್‌ಫಿಟರ್, ಅಂದರೆ ಬೇಟೆ ಏರ್ಪಾಡು ಮಾಡಿಕೊಡುವವರು, ನನ್ನನ್ನು ಪಕ್ಕಕ್ಕೆ ಕರೆದು, "ನೀನು ಅಮೆರಿಕದಿಂದ ಜನ ಕಳಿಸು, ದಿನದ ರೇಟಿನ ಮೇಲೆ 15% ಕಮಿಷನ್ ಕೊಡುತ್ತೇನೆ" ಅಂದರು. ಆವತ್ತಿನಿಂದ ಅದೇ ಯೋಚನೆ. ಒಂದು ವೆಬ್‌ಸೈಟ್ ಮಾಡಿ, ನಾಲ್ಕೈದು ಔಟ್‌ಫಿಟರ್‌ಗಳನ್ನು ಹಿಡಿದು, ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಟ್ಟರೆ ನಡೆಯುತ್ತದಾ? ಲೈಸೆನ್ಸ್ ಬೇಕಾ? ಡಲ್ಲಾಸ್ ಸಫಾರಿ ಕ್ಲಬ್ಬಿನ ಮೇಳದಲ್ಲಿ ಸ್ಟಾಲ್ ಹಾಕುವುದು ಒಳ್ಳೆಯದಾ? ಯಾರಾದರೂ ಈ ಕೆಲಸ ಮಾಡಿದವರು ಇದ್ದರೆ ಬಿಚ್ಚಿ ಹೇಳಿ.

ಜೋಬರ್ಗ್ ಕನ್ನಡಿಗ
ಅಣ್ಣ, ನಾನು ಇದೇ ಕೆಲಸದಲ್ಲಿ 9 ವರ್ಷದಿಂದ ಇದ್ದೇನೆ, ಮೊದಲು ದಕ್ಷಿಣ ಆಫ್ರಿಕಾ ಮಾತ್ರ, ಈಗ ನಮೀಬಿಯಾ ಕೂಡ. ಮೊದಲು ಲೆಕ್ಕ ಹಾಕೋಣ. ದಿನಕ್ಕೆ 400 ಡಾಲರ್, 7 ದಿನ ಅಂದುಕೊಳ್ಳಿ. 2,800 ಆಯಿತು. ಅದರ 15% ಅಂದರೆ 420 ಡಾಲರ್. ಒಬ್ಬ ಗಿರಾಕಿಗೆ ನೀವು ಆರು ತಿಂಗಳು ಫೋನ್ ಎತ್ತಬೇಕು. ದೊಡ್ಡ ದುಡ್ಡು ಟ್ರೋಫಿ ಫೀಸ್‌ನಲ್ಲಿ ಇದೆ, ಅಂದರೆ ಪ್ರಾಣಿಗೆ ಇಷ್ಟು ಅಂತ ಬೇರೆ ಕಟ್ಟುವ ಹಣ. ಕಮಿಷನ್ ಅದರ ಮೇಲೂ ಸಿಗುತ್ತದಾ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ.

ಇನ್ನು ನಾಲ್ಕೈದು ಔಟ್‌ಫಿಟರ್ ಅಂದಿರಲ್ಲ, ಅದು ಬೇಡ. ಒಬ್ಬರೇ ಸಾಕು, ಹೆಚ್ಚೆಂದರೆ ಇಬ್ಬರು. ನೀವು ಸ್ವಂತ ದುಡ್ಡಿನಲ್ಲಿ ಹೋಗಿ ಮಲಗದ ಕ್ಯಾಂಪನ್ನು ಯಾರಿಗೂ ಮಾರಬೇಡಿ. ಯಾಕೆ ಅಂತ ಹೇಳುತ್ತೇನೆ. ನನ್ನ ಎರಡನೇ ವರ್ಷ, ಒಹಾಯೊದಿಂದ ಅಪ್ಪ ಮಗ ಬಂದಿದ್ದರು. ನಾನು ಆ ಜಾಗ ನೋಡಿರಲಿಲ್ಲ, ಫೋಟೋ ನೋಡಿ ಕಳಿಸಿದ್ದೆ. ಮಗ ಸಂಜೆ ಹೊತ್ತು ಜೆಮ್ಸ್‌ಬಾಕ್ ಅನ್ನುವ ಉದ್ದ ಕೊಂಬಿನ ಹುಲ್ಲೆಗೆ ಗುಂಡು ಹೊಡೆದ, ಗುಂಡು ಸ್ವಲ್ಪ ಹಿಂದಕ್ಕೆ ಬಿತ್ತು. ಮುಳ್ಳಿನ ಗಿಡದ ಎಲೆ ಮೇಲೆ ಎರಡು ಹನಿ ರಕ್ತ, ಅಷ್ಟೇ. ಹೆಜ್ಜೆ ಹಿಡಿಯುವವರು ಮಾರನೇ ದಿನ ಮಧ್ಯಾಹ್ನದ ತನಕ ಹುಡುಕಿದರೂ ಪ್ರಾಣಿ ಸಿಗಲಿಲ್ಲ. ಈ ಕಡೆಯ ಪದ್ಧತಿ ಏನೆಂದರೆ ರಕ್ತ ಬಿದ್ದರೆ ಪೂರ್ತಿ ಫೀಸ್ ಕಟ್ಟಬೇಕು, ಪ್ರಾಣಿ ಸಿಗಲಿ ಬಿಡಲಿ. ಔಟ್‌ಫಿಟರ್ ಅದನ್ನು ಬಿಲ್ಲಿನಲ್ಲಿ ಹಾಕಿದರು. ಅಪ್ಪ ರಾತ್ರಿ ನನಗೆ ಫೋನ್ ಮಾಡಿ, "ನೀನು ಇದನ್ನು ಹೇಳಲೇ ಇಲ್ಲ" ಅಂದರು. ನಿಜ, ಹೇಳಿರಲಿಲ್ಲ. ಆ ದುಡ್ಡು ನಾನೇ ಕೊಟ್ಟೆ. ಈಗ ಆ ಸಾಲು ನನ್ನ ರೇಟ್ ಶೀಟಿನಲ್ಲಿ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇದೆ. ಅದರ ಕೆಳಗೆ ಟಿಪ್ಸ್, ಚರ್ಮ ತಲೆಬುರುಡೆ ಕೆಡದ ಹಾಗೆ ಮಾಡಿ ಪ್ಯಾಕ್ ಮಾಡುವ ಖರ್ಚು, ಹಡಗಿನ ಬಾಡಿಗೆ ಎಲ್ಲ.

ಇನ್ನೊಂದು. ಬೇಲಿಯೊಳಗೆ ಸಾಕಿದ ಸಿಂಹವನ್ನು ಹೊಡೆಸುವ ವ್ಯವಹಾರಕ್ಕೆ ಯಾರು ಎಷ್ಟು ಕಮಿಷನ್ ಕೊಟ್ಟರೂ ಕೈ ಹಾಕಬೇಡಿ. 2017ರಲ್ಲಿ ಇದೇ ವಿಷಯಕ್ಕೆ ಇಲ್ಲಿನ ವೃತ್ತಿಪರ ಬೇಟೆಗಾರರ ಸಂಘವೇ ಒಡೆದುಹೋಯಿತು. ಅದನ್ನು ನಾನು ಬೇಟೆ ಅಂತ ಕರೆಯುವುದಿಲ್ಲ.

ಅಟ್ಲಾಂಟಾ ಕಾರ್ಗೋ
ನಾನು ಕಸ್ಟಮ್ಸ್ ಕ್ಲಿಯರೆನ್ಸ್ ಕೆಲಸದಲ್ಲಿ ಇದ್ದೇನೆ, ಟ್ರೋಫಿ, ಅಂದರೆ ಹೊಡೆದ ಪ್ರಾಣಿಯ ಚರ್ಮ ತಲೆಬುರುಡೆ, ತುಂಬಿದ ಪೆಟ್ಟಿಗೆಗಳನ್ನು ತುಂಬಾ ನೋಡಿದ್ದೇನೆ. ಕುಡು, ಜೆಮ್ಸ್‌ಬಾಕ್‌ನಂಥ ಹುಲ್ಲೆ ಆದರೆ ಸುಲಭ, ಅಮೆರಿಕದ ಫಿಶ್ ಅಂಡ್ ವೈಲ್ಡ್‌ಲೈಫ್ ಇಲಾಖೆಗೆ 3-177 ನಂಬರಿನ ಫಾರ್ಮ್ ತುಂಬಿ ಘೋಷಣೆ ಕೊಡಬೇಕು. ಆನೆ, ಸಿಂಹ, ಚಿರತೆ ಆದರೆ ಪರ್ಮಿಟ್ ಕೈಗೆ ಬರದೆ ಪೆಟ್ಟಿಗೆ ಹೊರಡಲೇಬಾರದು. ಜನ ಎಡವುವುದು ಜೀಬ್ರಾದಲ್ಲಿ. ಬಯಲಿನ ಜೀಬ್ರಾ ಬೇರೆ, ನಮೀಬಿಯಾದ ಹಾರ್ಟ್‌ಮನ್ ಬೆಟ್ಟದ ಜೀಬ್ರಾ ಬೇರೆ. ಎರಡನೆಯದಕ್ಕೆ ಸೈಟಿಸ್ (ಅಳಿವಿನಂಚಿನ ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದವೂ ಬೇಕು, ಇಲ್ಲಿಯ ಪರ್ಮಿಟೂ ಬೇಕು. "ಜೀಬ್ರಾ" ಅಂತ ಬರೆದು ಸುಮ್ನೆ ಬಿಡಬೇಡಿ. ಪಿಸ್ತೂಲು ನಮೀಬಿಯಾಕ್ಕೆ ತರುವ ಹಾಗಿಲ್ಲ ಅಂತಲೂ ಟೆಕ್ಸಾಸ್ ಗಿರಾಕಿಗಳಿಗೆ ಮೊದಲೇ ಹೇಳಿ. ವಿಮಾನದ ವಿಷಯಕ್ಕೆ ಬಂದರೆ, 2015ರಲ್ಲಿ ಜಿಂಬಾಬ್ವೆಯಲ್ಲಿ ಅಮೆರಿಕದ ಬೇಟೆಗಾರನೊಬ್ಬ ಸೆಸಿಲ್ ಅನ್ನುವ ಸಿಂಹವನ್ನು ಕೊಂದು ಗಲಾಟೆ ಆದ ಮೇಲೆ ಡೆಲ್ಟಾ ಏರ್‌ಲೈನ್ಸ್‌ನವರು ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಟ್ರೋಫಿ ಸಾಗಿಸುವುದನ್ನೇ ನಿಲ್ಲಿಸಿದರು.

ಕಬಿನಿ ದಂಡೆ
ನಾನು ಮೈಸೂರು, ಕಾಡಿಗೆ ಜನರನ್ನು ಕರೆದುಕೊಂಡು ಹೋಗುವವನು. ನೇರವಾಗಿ ಕೇಳುತ್ತೇನೆ ಸರ್, ಕೊಲ್ಲಿಸಿಯೇ ದುಡ್ಡು ಮಾಡಬೇಕಾ? ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿದ್ದಕ್ಕೇ ಅಲ್ವಾ ಇವತ್ತು ಹುಲಿ ಉಳಿದಿರುವುದು? ಕೆನ್ಯಾದವರು 1977ರಲ್ಲೇ ಬೇಟೆ ನಿಲ್ಲಿಸಿ ಕ್ಯಾಮೆರಾ ಸಫಾರಿಯಲ್ಲಿ ಬದುಕುತ್ತಿದ್ದಾರೆ. ನೀವೂ ಅದನ್ನೇ ಮಾರಬಹುದಲ್ವಾ?

ಜೋಬರ್ಗ್ ಕನ್ನಡಿಗ
ಕೇಳಬೇಕಾದ ಪ್ರಶ್ನೆಯೇ. ನನಗೂ ಇದು ನಿದ್ದೆ ಕೆಡಿಸಿದೆ. ಆದರೆ ನಮೀಬಿಯಾದ ಒಣ ಭಾಗಗಳಿಗೆ ಕ್ಯಾಮೆರಾ ಹಿಡಿದು ಬರುವವರು ಕಡಿಮೆ. ಅಲ್ಲಿ 1996ರ ಕಾನೂನು ಬಂದ ಮೇಲೆ ಹಳ್ಳಿಯವರೇ ಕನ್ಸರ್ವೆನ್ಸಿ, ಅಂದರೆ ತಮ್ಮ ಜಾಗದ ಕಾಡುಪ್ರಾಣಿ ನೋಡಿಕೊಳ್ಳುವ ಸಂಘ, ಮಾಡಿಕೊಂಡಿದ್ದಾರೆ, 80ಕ್ಕೂ ಜಾಸ್ತಿ ಇವೆ. ಬೇಟೆಯ ಹಣ ಅವರಿಗೆ ಹೋಗುತ್ತದೆ, ಮಾಂಸ ಊರಿಗೆ ಹೋಗುತ್ತದೆ. ನಾನೇ ನಿಂತು ನೋಡಿದ್ದೇನೆ, ಹೆಂಗಸರು ಪ್ಲಾಸ್ಟಿಕ್ ಬೇಸಿನ್ ಹಿಡಿದು ಸಾಲಾಗಿ ನಿಂತಿರುತ್ತಾರೆ, ಒಬ್ಬರು ಪುಸ್ತಕದಲ್ಲಿ ಹೆಸರು ಬರೆದುಕೊಂಡು ಪಾಲು ಹಂಚುತ್ತಾರೆ. ಬೋಟ್ಸ್‌ವಾನಾ 2014ರಲ್ಲಿ ಬೇಟೆ ನಿಲ್ಲಿಸಿ 2019ರಲ್ಲಿ ಮತ್ತೆ ಅನುಮತಿ ಕೊಟ್ಟಿತು. ಎಲ್ಲ ಔಟ್‌ಫಿಟರ್‌ಗಳೂ ಹೀಗೆ ಹಂಚುತ್ತಾರೆ ಅಂತ ನಾನು ಹೇಳುವುದಿಲ್ಲ, ಅದಕ್ಕೇ ಹೋಗಿ ಕಣ್ಣಾರೆ ನೋಡಿ ಅಂದಿದ್ದು.

ಕಬಿನಿ ದಂಡೆ
ನನ್ನ ಮನಸ್ಸು ಬದಲಾಗಿಲ್ಲ. ಆದರೆ ಆ ಹಂಚುವ ಪುಸ್ತಕ ತೋರಿಸಲು ಒಪ್ಪದ ಔಟ್‌ಫಿಟರ್ ಜೊತೆ ಕೆಲಸ ಮಾಡಬೇಡಿ, ಅಷ್ಟಾದರೂ ಮಾಡಿ.

ವಿರಾಜಪೇಟೆಯವ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಹೋಗಿದ್ದು ಖಾಸಗಿ ಫಾರ್ಮ್, ಮಾಂಸ ಎಲ್ಲಿಗೆ ಹೋಯಿತು ಅಂತ ನಾನು ಕೇಳಲೇ ಇಲ್ಲ. ಈಗ ಕೇಳುತ್ತೇನೆ. ಅಡ್ವಾನ್ಸ್ ಹಣ ಯಾರ ಅಕೌಂಟಿಗೆ ಬರಬೇಕು? ಮೇಳದ ಬಗ್ಗೆ ಯಾರೂ ಹೇಳಲಿಲ್ಲ.

ಜೋಬರ್ಗ್ ಕನ್ನಡಿಗ
ಅಡ್ವಾನ್ಸ್ ನೇರ ಔಟ್‌ಫಿಟರ್ ಅಕೌಂಟಿಗೆ, ನಿಮ್ಮ ಕೈಗೆ ಬರಲೇಬಾರದು. ಬೇಟೆ ಮುಗಿದ ಮೇಲೆ ಅವರು ನಿಮಗೆ ಕಮಿಷನ್ ಕಳಿಸಲಿ. ಅದೇ ಗಿರಾಕಿ ಎರಡನೇ ಸಲ ತಾನೇ ಬುಕ್ ಮಾಡಿದರೂ ನಿಮಗೆ ಪಾಲು ಇದೆಯಾ, ಎಷ್ಟು ವರ್ಷದ ತನಕ, ಇದನ್ನೂ ಬರೆಸಿ. ಜಗಳ ಆಗುವುದೇ ಅಲ್ಲಿ. ಬೇಟೆ ಮಾಡಿಸುವ ಲೈಸೆನ್ಸ್ ಇರಬೇಕಾದದ್ದು ಔಟ್‌ಫಿಟರ್‌ಗೆ, ಗೈಡ್‌ಗೆ. ಆ ಗೈಡ್ ನಮೀಬಿಯಾದ ಪರಿಸರ ಸಚಿವಾಲಯದಲ್ಲಿ ನೋಂದಾಯಿತರಾ, ನಾಪಾ ಅನ್ನುವ ಅಲ್ಲಿನ ವೃತ್ತಿಪರ ಬೇಟೆಗಾರರ ಸಂಘದ ಸದಸ್ಯರಾ ಅಂತ ನೋಡಿ. ನಿಮಗೆ ಪ್ರಯಾಣ ಮಾರುವವರ ನೋಂದಣಿ ಬೇಕಾ ಅನ್ನುವುದು ರಾಜ್ಯಕ್ಕೆ ರಾಜ್ಯ ಬೇರೆ, ಕ್ಯಾಲಿಫೋರ್ನಿಯಾ ಗಿರಾಕಿ ಇದ್ದರೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಮೇಳಕ್ಕೆ ಈ ವರ್ಷ ಸ್ಟಾಲ್ ಬೇಡ. ಟಿಕೆಟ್ ತೆಗೆದುಕೊಂಡು ಹೋಗಿ, ಮೂರು ದಿನ ನಡೆದಾಡಿ, ಬೇರೆಯವರು ಗಿರಾಕಿಗೆ ಏನು ಹೇಳುತ್ತಾರೆ, ಏನು ಬಿಡುತ್ತಾರೆ ಕೇಳಿಸಿಕೊಳ್ಳಿ. ನಮೀಬಿಯಾದ ಸೀಸನ್ ಫೆಬ್ರವರಿಯಿಂದ ನವೆಂಬರ್ ತನಕ ಇರುತ್ತದೆ. ಮೇ ತಿಂಗಳಲ್ಲಿ ಇನ್ನೊಂದು ಸಲ ಆ ಫಾರ್ಮಿಗೆ ಬನ್ನಿ, ಬಂದೂಕು ತರದೆ. ಅಡುಗೆಮನೆ, ಕೆಲಸದವರ ವಸತಿ, ಮಾಂಸ ಕತ್ತರಿಸುವ ಶೆಡ್ ನೋಡಿ. ಬರುವ ಮೊದಲು ಇಲ್ಲೇ ಒಂದು ಮಾತು ಹಾಕಿ, ನಾನೂ ವಿಂಡ್‌ಹುಕ್‌ಗೆ ಬರುತ್ತೇನೆ, ಜೊತೆಗೇ ಹೋಗೋಣ.